ವ್ಯಾಟಿನ ಅಂಕಿಯೂ ಹಿಟ್ಟು ನಾದುವ ಯಂತ್ರವೂ

ಅಂಚೆಚೀಟಿ, ನಾಣ್ಯ, ಹಳೆಯ ಗಡಿಯಾರ ಮುಂತಾದುವನ್ನು ಕೂಡಿಹಾಕುವವರನ್ನು ನಾವೆಲ್ಲರೂ ಬಲ್ಲೆವು. ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಇವರ ಸಾಲಿಗೆ ಸೇರಿದ ಇನ್ನೊಂದು ಬಗೆಯ ಸಂಗ್ರಾಹಕರಿದ್ದಾರೆ. ಅವರು ಕೂಡಿಹಾಕುವುದು ಅಡಿಗೆಮನೆಯ ಸ್ಟ್ಯಾಂಡ್ ಮಿಕ್ಸರುಗಳನ್ನು. ನಮ್ಮ ಮನೆಗಳ ಮಿಕ್ಸಿಗೂ ಈ ಯಂತ್ರಕ್ಕೂ ಸಾಮ್ಯ ಹೆಸರಿನಲ್ಲಿ ಮಾತ್ರ. ಮಿಕ್ಸಿಯಲ್ಲಿ ಹರಿತವಾದ ಅಲಗು ಜಾರಿನ ತಳದಲ್ಲಿ ಅತಿ ವೇಗದಿಂದ ಸುತ್ತಿ ಪದಾರ್ಥವನ್ನು ಕತ್ತರಿಸಿ ನುಣ್ಣಗೆ ಮಾಡುತ್ತದೆ. ಸ್ಟ್ಯಾಂಡ್ ಮಿಕ್ಸರಿನಲ್ಲಾದರೋ ಭಾರವಾದ ಪೀಠ, ಪೀಠದಿಂದ ಎದ್ದ ಕಂಬ, ಕಂಬದ ಮೇಲೆ ಅಡ್ಡಲಾಗಿ ಮಲಗಿದ ತಲೆ, ತಲೆಯಿಂದ ಕೆಳಕ್ಕೆ ಇಳಿಬಿದ್ದ ಕೋಲು, ಅದರ ಕೆಳಗೊಂದು ಬೋಗುಣಿ, ಇಷ್ಟು ಅಂಗಗಳಿವೆ. ಕೋಲಿಗೆ ಕೊಕ್ಕೆಯನ್ನು ಸಿಕ್ಕಿಸಿದರೆ ಅದು ಬ್ರೆಡ್ಡಿನ ಹಿಟ್ಟನ್ನು ನಾದುತ್ತದೆ; ಚಪ್ಪಟೆಯಾದ ಹುಟ್ಟನ್ನು ಸಿಕ್ಕಿಸಿದರೆ ಕೇಕಿನ ಹಿಟ್ಟನ್ನು ಕಲಸುತ್ತದೆ; ತಂತಿಯ ಕಡೆಗೋಲನ್ನು ಸಿಕ್ಕಿಸಿದರೆ ಮೊಟ್ಟೆಯ ಬಿಳಿಯನ್ನು ನೊರೆಯೆಬ್ಬಿಸುತ್ತದೆ.

ಈ ಸಂಗ್ರಾಹಕರ ನಡುವೆ ತೀರದ ವ್ಯಾಜ್ಯವೊಂದಿದೆ. ಹಳೆಯ ಯಂತ್ರವೇ ಯಂತ್ರ, ಅದರಲ್ಲಿ ಕಾಣುವುದೆಲ್ಲ ಲೋಹ, ಅರುವತ್ತು ವರ್ಷ ದುಡಿದರೂ ದಣಿಯದು, ಈಗಿನದು ಆಟದ ಸಾಮಾನು ಎನ್ನುವುದು ಒಂದು ಪಕ್ಷ. ಹಳೆಯದರ ಹಣೆಯ ಮೇಲೆ ಬರೆದಿರುವುದು ೨೫೦ ವ್ಯಾಟ್, ಹೊಸದರಲ್ಲಿ ೧,೦೦೦ ವ್ಯಾಟ್ ಇದೆ, ನಾಲ್ಕು ಪಟ್ಟು ಬಲವುಳ್ಳದ್ದನ್ನು ಬಿಟ್ಟು ಗುಜರಿಯನ್ನು ಪೂಜಿಸುವುದೇಕೆ ಎನ್ನುವುದು ಇನ್ನೊಂದು ಪಕ್ಷ. ನಮ್ಮ ಅಭಿಪ್ರಾಯದಲ್ಲಿ ಈ ಎರಡು ಪಕ್ಷಗಳವರೂ ಒಂದೇ ದಾರಿಯನ್ನು ತಪ್ಪಿದ್ದಾರೆ. ಮೊದಲನೆಯವರು ತೂಕವನ್ನೂ ವಯಸ್ಸನ್ನೂ ಗುಣವೆಂದು ಎಣಿಸುತ್ತಾರೆ. ಎರಡನೆಯವರು ಫಲಕದ ಅಂಕಿಯನ್ನು ಗುಣವೆಂದು ಎಣಿಸುತ್ತಾರೆ. ಯಂತ್ರವು ಹಿಟ್ಟಿನ ಮೇಲೆ ಮಾಡಿದ ಕೆಲಸವೆಷ್ಟು ಎಂದು ಅಳೆದು ನೋಡಿದವರು ಎರಡು ಕಡೆಯಲ್ಲಿಯೂ ವಿರಳ.

ದೂರದೇಶದ ಅಡಿಗೆಮನೆಯ ಜಗಳ ನಮಗೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಸಾಮರ್ಥ್ಯವೆಂದರೆ ಬಲಯುಗ್ಮ ಮತ್ತು ಕೋನವೇಗಗಳ ಗುಣಲಬ್ಧ ಎಂಬ ಸೂತ್ರವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ತರುಣನೇ, ಅಂಗಡಿಗೆ ಹೋದಾಗ, ೭೫೦ ವ್ಯಾಟಿನ ಮಿಕ್ಸಿ ೫೦೦ ವ್ಯಾಟಿನದಕ್ಕಿಂತ ಒಂದೂವರೆ ಪಟ್ಟು ಒಳ್ಳೆಯದೆಂದು ನಂಬಿ ಹಣ ತೆರುತ್ತಾನೆ. ಪಾಠದ ಸೂತ್ರ ಅಂಗಡಿಯ ಬಾಗಿಲಲ್ಲೇ ಉಳಿದುಬಿಡುತ್ತದೆ. ಕಲಿತದ್ದು ಕೈಗೆ ಬಾರದಿದ್ದರೆ ಪ್ರಯೋಗಶಾಲೆಗೆ ನಾವು ಸುರಿಯುವ ಹಣವೆಲ್ಲ ವ್ಯರ್ಥ. ಆ ಕಾರಣದಿಂದ ಈ ವ್ಯಾಜ್ಯವನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಯಂತ್ರದ ಚರಿತ್ರೆ ದೀರ್ಘವಾದುದಲ್ಲ. ಅಮೆರಿಕದ ಒಹಾಯೊ ಪ್ರಾಂತದ ಟ್ರಾಯ್ ಊರಿನಲ್ಲಿದ್ದ ಹೋಬರ್ಟ್ ಕಂಪನಿಯ ಎಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್ ಎಂಬಾತನು ೧೯೦೮ರಲ್ಲಿ ಬ್ರೆಡ್ ಮಾಡುವವನೊಬ್ಬ ಲೋಹದ ಸೌಟಿನಿಂದ ಹಿಟ್ಟು ಕಲಸಲು ಪಡುತ್ತಿದ್ದ ಪಾಡನ್ನು ಕಂಡು ಯಂತ್ರದ ಯೋಚನೆ ಮಾಡಿದನೆಂದು ಹೇಳುತ್ತಾರೆ. ಮೊದಲು ಹುಟ್ಟಿದುದು ದೊಡ್ಡ ಬೇಕರಿಗಳ ಹಾಗೂ ಯುದ್ಧನೌಕೆಗಳ ಅಡಿಗೆಮನೆಗೆ ತಕ್ಕ ಭಾರೀ ಯಂತ್ರ. ಅದರ ಮರಿಯೊಂದು ೧೯೧೯ರಲ್ಲಿ ಕಿಚನ್‌ಏಡ್ ಎಂಬ ಹೆಸರಿನಿಂದ ಮನೆಗಳಿಗೆ ಬಂತು. ಎಚ್-೫ ಎಂಬ ಆ ಮರಿಯ ತೂಕ ೬೫ ಪೌಂಡು, ಎಂದರೆ ಸುಮಾರು ೩೦ ಕಿಲೋಗ್ರಾಂ! ೧೯೩೦ರಲ್ಲಿ ಐವರ್ ಜೆಪ್‌ಸನ್ ರಚಿಸಿದ ಸನ್‌ಬೀಮ್ ಮಿಕ್ಸ್‌ಮಾಸ್ಟರ್ ಮಾರುಕಟ್ಟೆಗೆ ಬಂದಿತು. ಅದು ಹಗುರವಾದ, ಅಗ್ಗವಾದ, ಎರಡು ಕಡೆಗೋಲುಗಳ ಯಂತ್ರ. ೧೯೩೭ರಲ್ಲಿ ಎಗ್ಮಂಟ್ ಅರೆನ್ಸ್ ಎಂಬ ವಿನ್ಯಾಸಕಾರ ಕಿಚನ್‌ಏಡಿಗೆ ಕೊಟ್ಟ 'ಮಾಡೆಲ್ ಕೆ' ರೂಪವು ಇಂದಿಗೂ ಹೆಚ್ಚು ಬದಲಾಗದೆ ಉಳಿದಿದೆ. ಇಂಗ್ಲೆಂಡಿನಲ್ಲಿ ಕೆನ್ ವುಡ್ ೧೯೫೦ರಲ್ಲಿ ಕೆನ್‌ವುಡ್ ಷೆಫ್ ಯಂತ್ರವನ್ನು ಹೊರತಂದನು. ೧೯೮೬ರಲ್ಲಿ ಕಿಚನ್‌ಏಡ್ ಎಂಬ ಹೆಸರು ವರ್ಲ್‌ಪೂಲ್ ಕಂಪನಿಯ ಪಾಲಾಯಿತು. ಸಂಗ್ರಾಹಕರು ಯುಗವಿಭಾಗ ಮಾಡುವುದು ಇಲ್ಲಿಯೇ: ಹೋಬರ್ಟ್ ಕಾಲದ್ದು ಕೃತಯುಗ, ಅನಂತರದ್ದು ಕಲಿಯುಗ. ಪುರಾಣದಲ್ಲಿಯಂತೆ ಇಲ್ಲಿಯೂ ಕೃತಯುಗವನ್ನು ಹೊಗಳುವವರೆಲ್ಲ ಕಲಿಯುಗದಲ್ಲಿ ಹುಟ್ಟಿದವರು.

ಜಗಳಕ್ಕೆ ಹೋಗುವ ಮುಂಚೆ ಯಂತ್ರದ ಹೊಟ್ಟೆಯೊಳಗೆ ಒಮ್ಮೆ ಇಣಿಕಿ ನೋಡುವುದು ಒಳ್ಳೆಯದು. ನಾದುವ ಕೋಲು ಬೋಗುಣಿಯ ನಡುವೆ ನಿಂತಲ್ಲೇ ಸುತ್ತಿದರೆ ನಡುವಿನ ಹಿಟ್ಟು ಮಾತ್ರ ಕಲಸುತ್ತದೆ, ಅಂಚಿನದು ಹಾಗೆಯೇ ಉಳಿಯುತ್ತದೆ. ಹೋಬರ್ಟ್ ಯಂತ್ರಗಳಲ್ಲಿ ಕಂಡ ಪರಿಹಾರ ಹೀಗಿದೆ. ತಲೆಯೊಳಗೆ ಒಳಮುಖವಾಗಿ ಹಲ್ಲುಗಳಿರುವ ದೊಡ್ಡ ಬಳೆಯೊಂದನ್ನು ಅಲ್ಲಾಡದಂತೆ ಕೂಡಿಸಿರುತ್ತಾರೆ. ಕೋಲಿನ ಮೇಲ್ತುದಿಯ ಸಣ್ಣ ಹಲ್ಲುಚಕ್ರ ಆ ಬಳೆಯ ಒಳಮೈಯ ಮೇಲೆ ಉರುಳುತ್ತದೆ. ಬಳೆಯ ಸುತ್ತ ಒಂದು ಪ್ರದಕ್ಷಿಣೆ ಮಾಡುವಷ್ಟರಲ್ಲಿ ಅದು ತನ್ನ ಅಕ್ಷದ ಮೇಲೆ ಹಲವು ಸಲ ಸುತ್ತಿರುತ್ತದೆ. ಇದಕ್ಕೆ ಗ್ರಹಗತಿಯೆಂದು ಹೆಸರು. ಹೆಸರು ಪೂರ್ತಿ ಸರಿಯಲ್ಲ. ಭೂಮಿಯ ಪ್ರದಕ್ಷಿಣೆಯೂ ಆವರ್ತನೆಯೂ ಒಂದೇ ದಿಕ್ಕಿನವು. ಈ ಕೋಲಿನವು ಪರಸ್ಪರ ವಿರುದ್ಧ ದಿಕ್ಕಿನವು. ಸೌರವ್ಯೂಹದಲ್ಲಿ ಇದಕ್ಕೆ ಸರಿಹೊಂದುವ ಗ್ರಹ ಶುಕ್ರ.

ಇದರಲ್ಲಿ ಅಂಕಗಣಿತದ ಸೊಗಸೊಂದು ಅಡಗಿದೆ. ಬಳೆಗೆ ೬೦ ಹಲ್ಲು, ಸಣ್ಣ ಚಕ್ರಕ್ಕೆ ೧೫ ಹಲ್ಲು ಇದ್ದರೆ ಭಾಗಲಬ್ಧ ಸರಿಯಾಗಿ ೪. ಆಗ ಪ್ರತಿಯೊಂದು ಪ್ರದಕ್ಷಿಣೆಯಲ್ಲಿಯೂ ಕಡೆಗೋಲಿನ ಅಂಚು ಬೋಗುಣಿಯ ಅವೇ ನಾಲ್ಕು ಜಾಗಗಳಿಗೆ ಹತ್ತಿರ ಬಂದು ಹೋಗುತ್ತದೆ. ಉಳಿದ ಜಾಗಗಳು ಅದಕ್ಕೆ ಸಿಕ್ಕುವುದೇ ಇಲ್ಲ. ಬಳೆಗೆ ಒಂದೇ ಒಂದು ಹಲ್ಲನ್ನು ಹೆಚ್ಚಿಸಿ ೬೧ ಮಾಡಿ ನೋಡಿ. ೬೧ಕ್ಕೂ ೧೫ಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಆದ್ದರಿಂದ ೧೫ ಪ್ರದಕ್ಷಿಣೆಗಳು ಮುಗಿಯುವವರೆಗೆ ಹಳೆಯ ಜಾಗಕ್ಕೆ ಮರಳದೆ, ಕಡೆಗೋಲು ೬೧ ಬೇರೆ ಬೇರೆ ಜಾಗಗಳನ್ನು ಮುಟ್ಟಿ ಬರುತ್ತದೆ. ಮಹತ್ತಮ ಸಾಮಾನ್ಯ ಅಪವರ್ತನದ ಲೆಕ್ಕವನ್ನು ನಿಷ್ಪ್ರಯೋಜಕವೆಂದು ಶಾಲೆಯಲ್ಲಿ ಶಪಿಸಿದವರು ಇದನ್ನು ಕಾಗದದ ಮೇಲೆ ಬರೆದು ನೋಡಬೇಕು. ಈ ವಿಷಯದಲ್ಲಿ ಹಳೆಯದು, ಹೊಸದು ಎಂಬ ಭೇದವೇ ಇಲ್ಲ, ತತ್ತ್ವ ಒಂದೇ.

ಕೊಕ್ಕೆಯ ವಿಷಯದಲ್ಲಿ ಮಾತ್ರ ಭೇದವಿದೆ. ಕೋಲಿನಿಂದ ನೀರನ್ನು ತಿರುವಿದರೆ ಮಧ್ಯದಲ್ಲಿ ಕುಳಿ ಬೀಳುವುದನ್ನು ಎಲ್ಲರೂ ನೋಡಿದ್ದಾರೆ. ನಾದಿದ ಹಿಟ್ಟು ಹಾಗಲ್ಲ. ಅದು ಸುತ್ತುವ ಕೊಕ್ಕೆಯನ್ನೇ ಹಿಡಿದುಕೊಂಡು ಮೇಲಕ್ಕೆ ಹತ್ತುತ್ತದೆ. ಹಿಟ್ಟಿನ ಗ್ಲೂಟೆನ್ ಎಂಬ ಪ್ರೋಟೀನು ಉದ್ದುದ್ದವಾದ ಎಳೆಗಳ ಬಲೆಯಾಗಿ ಹೆಣೆದುಕೊಳ್ಳುತ್ತದೆ. ಕೊಕ್ಕೆಯ ಸುತ್ತ ಎಳೆಯಲ್ಪಟ್ಟ ಈ ಬಲೆ ರಬ್ಬರಿನ ಪಟ್ಟಿಯಂತೆ ಬಿಗಿದು, ನಡುವಿನ ಹಿಟ್ಟನ್ನು ಹಿಸುಕುತ್ತದೆ. ಹಿಸುಕಿದ ಹಿಟ್ಟಿಗೆ ಬಿಡುವಿರುವುದು ಮೇಲ್ಗಡೆ ಮಾತ್ರ. ದ್ರವತ್ವ, ಸ್ಥಿತಿಸ್ಥಾಪಕತ್ವ ಎರಡೂ ಕೂಡಿದ ಪದಾರ್ಥಗಳ ಈ ನಡತೆಗೆ ಅದನ್ನು ವಿವರಿಸಿದ ವಿಜ್ಞಾನಿಯ ಹೆಸರಿನಿಂದ ವೈಸನ್‌ಬರ್ಗ್ ಪರಿಣಾಮ ಎನ್ನುತ್ತಾರೆ. ಹಳೆಯ ಯಂತ್ರಗಳ ಬಾಗಿದ ಕೊಕ್ಕೆಯಲ್ಲಿ ಹಿಟ್ಟು ಹೀಗೆ ಹತ್ತಿ ತಲೆಯವರೆಗೂ ಹೋಗುವುದುಂಟು. ಯಂತ್ರವನ್ನು ನಿಲ್ಲಿಸಿ ಕೈಯಿಂದ ಕೆಳಕ್ಕೆ ತಳ್ಳಬೇಕು. ಹೊಸ ಯಂತ್ರಗಳಲ್ಲಿ ಹಲವಕ್ಕೆ ತಿರುಪುಮೊಳೆಯಂತೆ ಸುರುಳಿಯಾದ ಕೊಕ್ಕೆಯಿದೆ. ಅದು ಸುತ್ತುವಾಗ ಹಿಟ್ಟನ್ನು ತಳಕ್ಕೆ ಒತ್ತುತ್ತದೆ. ಇದು ನಿಜವಾದ ಸುಧಾರಣೆ. ಕೃತಯುಗದ ಭಕ್ತರು ಇದನ್ನು ಒಪ್ಪಿಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಇನ್ನು ವ್ಯಾಟಿನ ಮಾತು. ಇದಕ್ಕೆ ನಮ್ಮ ಮನೆಯ ಸಾಮಾನೇ ಒಳ್ಳೆಯ ನಿದರ್ಶನ. ದೋಸೆಯ ಹಿಟ್ಟನ್ನು ರುಬ್ಬುವ, ಮೇಜಿನ ಮೇಲಿಡುವ ಕೊಯಮತ್ತೂರಿನ ಗ್ರೈಂಡರಿನ ಫಲಕದಲ್ಲಿ ಸಾಮಾನ್ಯವಾಗಿ ೧೫೦ ವ್ಯಾಟ್ ಎಂದಿರುತ್ತದೆ. ಪಕ್ಕದಲ್ಲಿರುವ ಮಿಕ್ಸಿಯ ಫಲಕದಲ್ಲಿ ೭೫೦. ಆದರೂ ಎರಡು ಸೇರು ಉದ್ದಿನ ಬೇಳೆಯನ್ನು ರುಬ್ಬಬೇಕಾದಾಗ ಮನೆಯ ಹೆಂಗಸರು ಕೈಹಾಕುವುದು ಗ್ರೈಂಡರಿಗೆ. ಮಿಕ್ಸಿಗೆ ಹಾಕಿದರೆ ಹಿಟ್ಟು ಬಿಸಿಯಾಗುತ್ತದೆ, ಉದ್ದು ಉಬ್ಬುವುದಿಲ್ಲ ಎಂದು ಅವರು ಭೌತಶಾಸ್ತ್ರ ಓದದೆಯೇ ಬಲ್ಲರು. ನಿಧಾನವಾಗಿ ಉರುಳುವ ಕಲ್ಲಿಗೆ ಬೇಕಾದುದು ಬಲಯುಗ್ಮ, ವೇಗವಲ್ಲ. ಮಿಕ್ಸಿಯ ಅಲಗಿಗೆ ಬೇಕಾದುದು ವೇಗ. ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕ ಸುತ್ತು ಸುತ್ತುತ್ತದೆ. ವ್ಯಾಟುಗಳು ಎರಡರ ಗುಣಲಬ್ಧವಾದ್ದರಿಂದ ಅವು ಯಾವುದಕ್ಕೆ ಖರ್ಚಾದುವೆಂಬುದನ್ನು ಫಲಕದ ಅಂಕಿ ಹೇಳುವುದಿಲ್ಲ. (ಸ್ವೀಡನ್ನಿನಲ್ಲಿ ಆಲ್ವಾರ್ ಲೆನಿಂಗ್ ರೂಪಿಸಿ ೧೯೪೦ರಲ್ಲಿ ಹೊರಬಂದ ಎಲೆಕ್ಟ್ರೋಲಕ್ಸ್ ಅಸಿಸ್ಟೆಂಟ್ ಯಂತ್ರದಲ್ಲಿ ಬೋಗುಣಿಯೇ ಸುತ್ತುತ್ತದೆ, ಒಳಗಿನ ಉರುಳೆ ತನ್ನ ಜಾಗದಲ್ಲಿ ನಿಂತು ಹಿಟ್ಟನ್ನು ಅಂಚಿಗೆ ಒತ್ತುತ್ತದೆ. ನಮ್ಮ ಗ್ರೈಂಡರನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸದು.)

ಸ್ಟ್ಯಾಂಡ್ ಮಿಕ್ಸರಿಗೆ ಈ ಲೆಕ್ಕವನ್ನು ಹಚ್ಚಿ ನೋಡೋಣ. ಗಟ್ಟಿಯಾದ ಹಿಟ್ಟಿನ ಮೂಲಕ ಕೊಕ್ಕೆಯನ್ನು ಎಳೆಯಲು ಐದು ಕಿಲೋಗ್ರಾಂ ತೂಕವನ್ನು ಎತ್ತಿಹಿಡಿಯುವಷ್ಟು ಬಲ ಬೇಕೆಂದೂ ಆ ಬಲ ಅಕ್ಷದಿಂದ ೧೦ ಸೆಂಟಿಮೀಟರ್ ದೂರದಲ್ಲಿ ವರ್ತಿಸುತ್ತದೆಂದೂ ಇಟ್ಟುಕೊಳ್ಳಿ. ಬಲಯುಗ್ಮ ಸುಮಾರು ೫ ನ್ಯೂಟನ್-ಮೀಟರ್ ಆಯಿತು. ನಾದುವಾಗ ತಲೆ ನಿಮಿಷಕ್ಕೆ ೧೦೦ ಸುತ್ತು ಸುತ್ತುತ್ತದೆಂದರೆ ಕೋನವೇಗ ಸೆಕೆಂಡಿಗೆ ಸುಮಾರು ೧೦.೫ ರೇಡಿಯನ್. ಗುಣಿಸಿದರೆ ಬರುವುದು ೫೨ ವ್ಯಾಟ್! ಆರೋಗ್ಯವಂತನಾದ ಮನುಷ್ಯ ಬಹಳ ಹೊತ್ತು ಒಂದೇ ಸಮನೆ ದುಡಿಯಬಲ್ಲ ಸಾಮರ್ಥ್ಯ ಸುಮಾರು ೭೫ ವ್ಯಾಟ್ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯಪಡಬೇಕಾದುದೇನೂ ಇಲ್ಲ. ಹಿಟ್ಟು ನಾದುವ ಕೈಗಳೂ ಈ ಮಟ್ಟದ ಕೆಲಸವನ್ನೇ ಮಾಡುತ್ತವೆ. ಫಲಕದಲ್ಲಿರುವುದು ಗೋಡೆಯ ಪ್ಲಗ್ಗಿನಿಂದ ಯಂತ್ರ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕ, ಬೋಗುಣಿಯೊಳಗೆ ನಡೆಯುವ ಕೆಲಸದ್ದಲ್ಲ. ಎರಡರ ನಡುವಣ ಅಂತರವೆಲ್ಲ ಸುರುಳಿಗಳ ತಂತಿಯಲ್ಲಿ, ಇಂಗಾಲದ ಬ್ರಷ್ಷುಗಳಲ್ಲಿ, ತಂಪುಗೊಳಿಸುವ ಬೀಸಣಿಗೆಯಲ್ಲಿ, ಹಲ್ಲುಚಕ್ರಗಳ ತಿಕ್ಕಾಟದಲ್ಲಿ ಶಾಖವಾಗಿ ಹೋಗುತ್ತದೆ. ಅದೂ ಅಲ್ಲದೆ ಫಲಕದ ಅಂಕಿ ಯಾವ ವೇಗದಲ್ಲಿ, ಯಾವ ಹೊರೆಯಲ್ಲಿ ಪಡೆದದ್ದೆಂದು ಕೊಳ್ಳುವವನಿಗೆ ಗೊತ್ತಾಗುವುದಿಲ್ಲ. ಹೆಚ್ಚು ವಿದ್ಯುತ್ತನ್ನು ನುಂಗಿ ಹೆಚ್ಚು ಬಿಸಿಯಾಗುವ ಯಂತ್ರಕ್ಕೆ ಹೆಚ್ಚಿನ ಅಂಕಿ ಬರುತ್ತದೆ. ಊಟ ಹೆಚ್ಚು ಮಾಡಿದವನೇ ಹೆಚ್ಚು ಉತ್ತವನೆಂದು ಕೂಲಿ ಕೊಟ್ಟಂತಾಯಿತು.

ಹಾಗಾದರೆ ೨೫೦ ವ್ಯಾಟಿನ ಹಳೆಯ ಯಂತ್ರ ಅಷ್ಟು ಚೆನ್ನಾಗಿ ನಾದಲು ಕಾರಣವೇನು? ಅರ್ಧ ಉತ್ತರ ಹಲ್ಲುಚಕ್ರಗಳಲ್ಲಿದೆ, ಇನ್ನರ್ಧ ವೇಗದ ನಿಯಂತ್ರಣದಲ್ಲಿದೆ. ಈ ಯಂತ್ರಗಳಲ್ಲಿರುವುದು ಯೂನಿವರ್ಸಲ್ ಮೋಟಾರು. ಏಕಮುಖ, ಪರ್ಯಾಯ ಎರಡು ಬಗೆಯ ವಿದ್ಯುತ್ತಿನಿಂದಲೂ ನಡೆಯುವುದರಿಂದ ಆ ಹೆಸರು. ಅದಕ್ಕೊಂದು ದುರ್ಗುಣವಿದೆ: ಹೊರೆ ಇಲ್ಲದಾಗ ಹುಚ್ಚು ಕುದುರೆಯಂತೆ ಓಡುತ್ತದೆ, ಹೊರೆ ಬಿದ್ದೊಡನೆ ಕುಗ್ಗುತ್ತದೆ. ಹಿಟ್ಟಿನ ಹೊರೆಯಾದರೋ ಒಂದೇ ಸಮನಲ್ಲ. ಮೊದಲು ಸಡಿಲ, ಗ್ಲೂಟೆನ್ ಹೆಣೆದುಕೊಂಡಂತೆ ಬಿಗುವು; ಉಂಡೆ ಒಮ್ಮೆ ಕೊಕ್ಕೆಗೆ ಅಡ್ಡಬರುತ್ತದೆ, ಒಮ್ಮೆ ಜಾರುತ್ತದೆ. ಇದನ್ನು ಸರಿದೂಗಿಸಲು ಹಳೆಯ ಕಿಚನ್‌ಏಡ್, ಮಿಕ್ಸ್‌ಮಾಸ್ಟರ್ ಯಂತ್ರಗಳ ಮೋಟಾರಿನ ಅಕ್ಷಕ್ಕೆ ಸ್ಪ್ರಿಂಗಿನಿಂದ ಹಿಡಿದ ಸಣ್ಣ ತೂಕಗಳನ್ನು ಕಟ್ಟಿದರು. ವೇಗ ಹೆಚ್ಚಿದರೆ ತೂಕಗಳು ಹೊರಕ್ಕೆ ಸಿಡಿದು ವಿದ್ಯುತ್ತಿನ ಸಂಪರ್ಕವನ್ನು ಬಿಡಿಸುತ್ತವೆ. ವೇಗ ತಗ್ಗಿದರೆ ಒಳಕ್ಕೆ ಸರಿದು ಸಂಪರ್ಕವನ್ನು ಕೂಡಿಸುತ್ತವೆ. ಸೆಕೆಂಡಿಗೆ ಹಲವು ಸಲ ಈ ಕೂಡುವ ಬಿಡುವ ಆಟ ನಡೆಯುತ್ತಿರುತ್ತದೆ. ಹಿಟ್ಟು ಅಡ್ಡಬಂದಾಗ ಸಂಪರ್ಕ ಹೆಚ್ಚು ಹೊತ್ತು ಕೂಡಿರುತ್ತದೆ. ಯಂತ್ರ ಅಗತ್ಯವಿದ್ದಷ್ಟೇ ವಿದ್ಯುತ್ತನ್ನು, ಅಗತ್ಯ ಬಿದ್ದ ಕ್ಷಣದಲ್ಲಿ ಎಳೆದುಕೊಳ್ಳುತ್ತದೆ.

ಕೇಂದ್ರಾಪಗಾಮಿ ನಿಯಂತ್ರಕವೆಂಬ ಈ ಉಪಾಯವನ್ನು ೧೭೮೮ರಲ್ಲಿ ಆವಿಯಂತ್ರಕ್ಕೆ ಅಳವಡಿಸಿದವನು ಜೇಮ್ಸ್ ವ್ಯಾಟ್. ೧೮೬೮ರಲ್ಲಿ ಇಂಥ ನಿಯಂತ್ರಕಗಳ ಗಣಿತವನ್ನು ಬಿಡಿಸಿದವನು, ವಿದ್ಯುತ್ಕಾಂತ ಸಿದ್ಧಾಂತದ ಮಾಕ್ಸ್‌ವೆಲ್. ಹಳೆಯ ಯಂತ್ರದ ಒಳಗೆ ವ್ಯಾಟನ ಯುಕ್ತಿ ಇತ್ತು. ಹೊಸ ಯಂತ್ರದ ಹೊರಗೆ ವ್ಯಾಟನ ಹೆಸರಿದೆ. ನಮಗೆ ಯುಕ್ತಿಯ ಮೇಲೆಯೇ ಹೆಚ್ಚು ಗೌರವ. ಹೀಗೆಂದ ಮಾತ್ರಕ್ಕೆ ಹೊಸ ಯಂತ್ರಗಳಲ್ಲಿ ನಿಯಂತ್ರಣವೇ ಇಲ್ಲವೆಂದು ಅರ್ಥವಲ್ಲ. ಅಕ್ಷದ ವೇಗವನ್ನು ಸಂವೇದಕದಿಂದ ಅರಿತು, ಅರೆವಾಹಕದ ಸ್ವಿಚ್ಚಿನಿಂದ ವಿದ್ಯುತ್ತನ್ನು ಹೆಚ್ಚು ಕಡಮೆ ಮಾಡುವ ಎಲೆಕ್ಟ್ರಾನಿಕ್ ಏರ್ಪಾಡು ಒಳ್ಳೆಯ ಹೊಸ ಯಂತ್ರಗಳಲ್ಲಿದೆ. ಅದು ಸಿಡಿಯುವ ತೂಕಗಳಿಗಿಂತ ಚುರುಕಾದುದು, ಕಿಡಿ ಹಾರಿಸದು. ಅಗ್ಗದ ಯಂತ್ರಗಳಲ್ಲಾದರೋ ಬರಿಯ ಹೆಚ್ಚುತಗ್ಗಿನ ಸ್ವಿಚ್ಚು ಇರುತ್ತದೆ, ಹೊರೆಯ ಸುದ್ದಿ ಅದಕ್ಕೆ ತಿಳಿಯದು. ಕೊಳ್ಳುವವನು ವಿಚಾರಿಸಬೇಕಾದುದು ಇದನ್ನು. ಫಲಕದ ಮೇಲೆ ಇದರ ಸೊಲ್ಲಿಲ್ಲ.

ವ್ಯಾಟಿನ ಪಕ್ಷದವರಿಗೆ ಇಷ್ಟು ಹೇಳಿದ ಮೇಲೆ ಎದುರು ಪಕ್ಷದವರನ್ನು ಸುಮ್ಮನೆ ಬಿಡುವುದು ನ್ಯಾಯವಲ್ಲ. ಹಳೆಯ ಯಂತ್ರಗಳು ಅರುವತ್ತು ವರ್ಷ ಬಾಳುತ್ತವೆಂಬುದಕ್ಕೆ ಅವರು ಕೊಡುವ ಸಾಕ್ಷ್ಯ, ಅರುವತ್ತು ವರ್ಷ ಬಾಳಿದ ಯಂತ್ರಗಳು! ೧೯೫೫ರಲ್ಲಿ ಕೊಂಡು ೧೯೬೦ರಲ್ಲಿ ಸುಟ್ಟುಹೋದದ್ದು ಆಗಲೇ ಗುಜರಿಯವನ ಪಾಲಾಗಿ ಕರಗಿಹೋಯಿತು. ಅದು ಸಂಗ್ರಾಹಕನ ಕಪಾಟಿಗೆ ಬಂದು ಸಾಕ್ಷಿ ಹೇಳಲಾರದು. ಹಳ್ಳಿಯಲ್ಲಿ ನೂರು ವರ್ಷದ ಮುದುಕರನ್ನು ಕಂಡು ಹಿಂದಿನ ಕಾಲದಲ್ಲಿ ಎಲ್ಲರೂ ನೂರು ವರ್ಷ ಬದುಕುತ್ತಿದ್ದರೆಂದು ತೀರ್ಮಾನಿಸುವವರ ತರ್ಕಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಎಷ್ಟು ಮಾರಾಟವಾದುವು, ಅವುಗಳಲ್ಲಿ ಎಷ್ಟು ಉಳಿದುವು ಎಂಬ ಎರಡು ಸಂಖ್ಯೆಗಳಿಲ್ಲದೆ ಬಾಳಿಕೆಯ ಮಾತೆತ್ತುವುದು ಸಲ್ಲದು.

ಬೆಲೆಯನ್ನೂ ನೋಡಬೇಕು. ೧೯೧೯ರ ಎಚ್-೫ ಯಂತ್ರದ ಬೆಲೆ ೧೮೯.೫೦ ಡಾಲರು. ಅಂದಿನ ಫೋರ್ಡ್ ಮಾಡೆಲ್ ಟಿ ಮೋಟಾರು ಗಾಡಿಯ ಬೆಲೆಯಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಪಾಲು! ಹಣದ ಬೆಲೆ ಇಳಿದುದನ್ನು ಲೆಕ್ಕಹಾಕಿದರೆ ಇಂದಿನ ಮೂರು ಸಾವಿರ ಡಾಲರುಗಳಿಗೂ ಮಿಕ್ಕುತ್ತದೆ. ಇಂದು ಕೆಲವು ನೂರು ಡಾಲರುಗಳಿಗೆ ಸಿಕ್ಕುವ ಮನೆಬಳಕೆಯ ಯಂತ್ರವನ್ನು ಇದರ ಪಕ್ಕದಲ್ಲಿ ಇಟ್ಟು ನಗುವುದು ಯಾವ ನ್ಯಾಯ? ಸಮನಾದ ಬೆಲೆಯದನ್ನು ಸಮನಾದ ಬೆಲೆಯದರೊಡನೆ ತೂಗಬೇಕು. ಮೂರು ಸಾವಿರ ಡಾಲರು ಕೊಟ್ಟವನಿಗೆ ಇಂದಿಗೂ ಬೇಕರಿಗಳಲ್ಲಿ ದುಡಿಯುವಂಥ ಗಟ್ಟಿಮುಟ್ಟಾದ ಯಂತ್ರ ಸಿಗುತ್ತದೆ.

ಸಂಗ್ರಾಹಕರ ಕೋಪ ಅತಿ ಹೆಚ್ಚಾಗಿ ಎರಗುವುದು ಒಂದು ಸಣ್ಣ ಚಕ್ರದ ಮೇಲೆ. ಮೋಟಾರಿನ ಅಕ್ಷದ ತುದಿಯಲ್ಲಿ ಉಕ್ಕಿನ ತಿರುಪು. ಅದಕ್ಕೆ ಕಚ್ಚಿಕೊಂಡು ಸುತ್ತುವ ಹಲ್ಲುಚಕ್ರ ಹಲವು ಯಂತ್ರಗಳಲ್ಲಿ ನೈಲಾನಿನದೋ ನಾರು ಬೆರೆಸಿದ ರಾಳದ್ದೋ ಮೆತ್ತನೆಯ ಕಂಚಿನದೋ ಆಗಿರುತ್ತದೆ. ಕಂಪನಿಯವರು ನಾಲ್ಕು ಕಾಸು ಉಳಿಸಲು ಮಾಡಿದ ಮೋಸವಿದು ಎನ್ನುತ್ತಾರೆ. ಆದರೆ ಮನೆಯ ವಿದ್ಯುತ್ ಮಂಡಲದಲ್ಲಿ ಫ್ಯೂಸಿನ ತಂತಿಯನ್ನು ಬೇಕೆಂದೇ ದುರ್ಬಲವಾಗಿಟ್ಟಿರುವುದಿಲ್ಲವೆ? ಹಿಟ್ಟು ಅತಿಯಾಗಿ ಬಿಗಿದು ಕೊಕ್ಕೆ ಸಿಕ್ಕಿಕೊಂಡರೆ ಎಲ್ಲಿಯಾದರೂ ಒಂದು ಕಡೆ ಸೋಲಲೇಬೇಕು. ಎಲ್ಲ ಚಕ್ರಗಳೂ ಉಕ್ಕಿನವಾದರೆ ಸೋಲುವುದು ಮೋಟಾರು. ಸುಲಭವಾಗಿ ಬದಲಾಯಿಸಬಹುದಾದ ಅಗ್ಗದ ಚಕ್ರವೊಂದು ಮೊದಲು ಸೋತರೆ ಉಳಿದುದೆಲ್ಲ ಉಳಿಯುತ್ತದೆ. ಎಲ್ಲ ಪ್ಲಾಸ್ಟಿಕ್ ಚಕ್ರಗಳೂ ಇಂಥ ಸದುದ್ದೇಶದಿಂದ ಹುಟ್ಟಿದುವೆಂದು ನಾವು ವಕಾಲತ್ತು ವಹಿಸುವುದಿಲ್ಲ. ಚಕ್ರವನ್ನು ಬದಲಾಯಿಸಲು ಬರುವಂತಿದೆಯೆ, ಅದು ಬಿಡಿಯಾಗಿ ದೊರೆಯುತ್ತದೆಯೆ ಎಂಬ ಎರಡು ಪ್ರಶ್ನೆಗಳಿಂದ ಸದುದ್ದೇಶ ಯಾವುದು, ಜಿಪುಣತನ ಯಾವುದು ಎಂದು ತಿಳಿದುಬಿಡುತ್ತದೆ.

ಈ ಎರಡು ಪ್ರಶ್ನೆಗಳೇ ನಮ್ಮ ದೃಷ್ಟಿಯಲ್ಲಿ ಇಡೀ ವ್ಯಾಜ್ಯದ ತಿರುಳು. ಹಳೆಯ ಯಂತ್ರದ ನಿಜವಾದ ಹಿರಿಮೆ ಅದರ ತೂಕದಲ್ಲಿಲ್ಲ, ಉಕ್ಕಿನಲ್ಲಿಲ್ಲ. ಒಂದು ತಿರುಪುಳಿಯಿಂದ ಬಿಚ್ಚಬಹುದಾದ ಅದರ ಮೈಯಲ್ಲಿದೆ. ಬ್ರಷ್ಷು ಸವೆದರೆ ಹೊರಗಿನಿಂದಲೇ ಬದಲಾಯಿಸಬಹುದು. ಜಿಡ್ಡು ಒಣಗಿದರೆ ತೊಳೆದು ಹೊಸದನ್ನು ತುಂಬಬಹುದು. ಮಾಡೆಲ್ ಕೆ ಕಾಲದಿಂದ ತಲೆಯ ಮುಂದಿನ ಕಂಡಿಯ ಅಳತೆಯನ್ನು ಬದಲಾಯಿಸದೆ ಉಳಿಸಿಕೊಂಡು ಬಂದಿರುವುದರಿಂದ ಅಜ್ಜಿಯ ಕಾಲದ ತುರಿಯುವ ಉಪಕರಣ ಮೊಮ್ಮಗಳ ಹೊಸ ಯಂತ್ರಕ್ಕೂ ಕೂಡುತ್ತದೆ. ಇದಕ್ಕಾಗಿ ಆ ಕಂಪನಿಯನ್ನು ಹೊಗಳಲೇಬೇಕು. ಇಂದು ಮಾರುಕಟ್ಟೆಗೆ ಬರುವ ಯಂತ್ರಗಳಲ್ಲಿ ಹಲವನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಬಿಚ್ಚಿದರೆ ಕವಚವೇ ಮುರಿಯುತ್ತದೆ. ಎಲೆಕ್ಟ್ರಾನಿಕ್ ಹಲಗೆಯಲ್ಲಿ ಒಂದು ಬಿಡಿಭಾಗ ಕೆಟ್ಟರೆ ಇಡೀ ಹಲಗೆಯನ್ನು ಬದಲಾಯಿಸಬೇಕು. ಹಲಗೆ ಸಿಗದಿದ್ದರೆ ಇಡೀ ಯಂತ್ರವನ್ನು. ಹೀಗೆ ಎಸೆದ ಯಂತ್ರದಲ್ಲಿ ಮೋಟಾರು, ಚಕ್ರ, ಬೋಗುಣಿ ಎಲ್ಲವೂ ಸರಿಯಾಗಿಯೇ ಇರುತ್ತವೆ. ಹೊಸತನ್ನು ದೂರಲು ಇದೊಂದು ಕಾರಣ ಸಾಕು. ಪ್ಲಾಸ್ಟಿಕ್ಕಿನ ದೂರು ಬೇಕಾಗಿಲ್ಲ.

ಇನ್ನು ಅಳೆಯುವುದು ಹೇಗೆ? ಹಿಟ್ಟಿನ ಬಲಯುಗ್ಮವನ್ನು ಅಳೆಯುವ ಫ್ಯಾರಿನೋಗ್ರಾಫ್ ಎಂಬ ಉಪಕರಣವನ್ನು ಗಿರಣಿಯವರೂ ಬೇಕರಿ ವಿಜ್ಞಾನಿಗಳೂ ಬಹುಕಾಲದಿಂದ ಬಳಸುತ್ತಿದ್ದಾರೆ. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಗೋಧಿ ಹಿಟ್ಟಿನ ಸಂಶೋಧನೆಗಳಲ್ಲಿಯೂ ಅದರ ಬಳಕೆಯಿದೆ. ನಮ್ಮ ಕಾಲೇಜುಗಳಿಗೆ ಅಷ್ಟು ಬೆಲೆಯ ಉಪಕರಣ ಬೇಡ, ಒಂದು ಒಳ್ಳೆಯ ಉಷ್ಣತಾಮಾಪಕ ಸಾಕು. ೧೮೪೦ರ ದಶಕದಲ್ಲಿ ಜೇಮ್ಸ್ ಜೂಲ್ ನೀರಿನ ಪಾತ್ರೆಯಲ್ಲಿ ಹುಟ್ಟುಗಳನ್ನು ತಿರುಗಿಸಿ, ಮಾಡಿದ ಕೆಲಸವೆಲ್ಲ ಶಾಖವಾಗುವುದನ್ನು ತೋರಿಸಿದುದು ಎಲ್ಲರ ಪಠ್ಯಪುಸ್ತಕದಲ್ಲಿದೆ. ಸ್ಟ್ಯಾಂಡ್ ಮಿಕ್ಸರು ಜೂಲನ ಪಾತ್ರೆಯಲ್ಲದೆ ಬೇರೇನು? ಜೂಲನಿಗೆ ದೊರೆತ ಉಷ್ಣತೆಯ ಏರಿಕೆ ಅರ್ಧ ಫ್ಯಾರನ್‌ಹೀಟ್ ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಮಗೆ ದೊರೆಯುವುದು ಅದಕ್ಕಿಂತ ಎಷ್ಟೋ ಪಾಲು. ಮೇಲೆ ಹೇಳಿದ ೫೨ ವ್ಯಾಟಿನಿಂದ ಹತ್ತು ನಿಮಿಷ ನಾದಿದರೆ ಆಗುವ ಕೆಲಸ ೩೧,೦೦೦ ಜೂಲುಗಳಿಗೂ ಹೆಚ್ಚು. ಹಿಟ್ಟಿನ ವಿಶಿಷ್ಟೋಷ್ಣ ನೀರಿನದರ ಮೂರನೆಯ ಎರಡು ಪಾಲೆಂದು ಹಿಡಿದರೆ, ಒಂದೂವರೆ ಕಿಲೋಗ್ರಾಂ ಹಿಟ್ಟಿನ ಉಷ್ಣತೆ ೭ ಸೆಂಟಿಗ್ರೇಡ್ ಡಿಗ್ರಿಗಳಿಗೂ ಮೇಲಕ್ಕೆ ಏರಬೇಕು. ಬೇಕರಿಯವರು ಬೇಸಗೆಯಲ್ಲಿ ಮಂಜುಗಡ್ಡೆಯ ನೀರಿನಿಂದ ಹಿಟ್ಟು ಕಲಸುವುದು ಈ ಏರಿಕೆಗೆ ಅಂಜಿಯೇ.

ಒಂದೇ ಗಿರಣಿಯ ಹಿಟ್ಟು, ಒಂದೇ ಪ್ರಮಾಣದ ನೀರು, ಒಂದೇ ಹೊತ್ತು. ಯೀಸ್ಟು ಬೇಡ, ಅದು ತನ್ನದೇ ಶಾಖವನ್ನು ಸೇರಿಸುತ್ತದೆ. ಬೋಗುಣಿಗೆ ಬಟ್ಟೆ ಸುತ್ತಬೇಕು. ಬೋಗುಣಿಯೂ ಬಿಸಿಯಾಗುವುದರಿಂದ ಅದರ ಲೆಕ್ಕವನ್ನೂ ಹಿಡಿಯಬೇಕು. ಎರಡು ಯಂತ್ರಗಳನ್ನು ಹೀಗೆ ಓಡಿಸಿ, ಗೋಡೆಯ ಪ್ಲಗ್ಗಿಗೆ ಒಂದು ವ್ಯಾಟ್‌ಮಾಪಕವನ್ನು ಸಿಕ್ಕಿಸಿದರೆ, ಒಳಕ್ಕೆ ಹೋದುದೆಷ್ಟು, ಹಿಟ್ಟಿಗೆ ಬಂದುದೆಷ್ಟು ಎಂಬ ಎರಡು ಅಂಕಿಗಳು ಮೇಜಿನ ಮೇಲೆಯೇ ಸಿಗುತ್ತವೆ. ಫಲಿತಾಂಶ ಸ್ಥೂಲವಾದೀತು, ಆದರೂ ಫಲಕದ ಅಂಕಿಗಿಂತ ಸತ್ಯಕ್ಕೆ ಹತ್ತಿರವಿರುತ್ತದ��. ಯಂತ್ರಗಳನ್ನು ಒರೆಸಿ ಕಪಾಟಿನಲ್ಲಿ ಸಾಲಾಗಿ ಜೋಡಿಸುವ ಸಂಗ್ರಾಹಕನಿಗಿಂತ, ಎರಡೇ ಯಂತ್ರಗಳನ್ನಿಟ್ಟುಕೊಂಡು ಇಂಥ ಕೋಷ್ಟಕವೊಂದನ್ನು ಬರೆದಿಟ್ಟವನನ್ನು ನಾವು ದೊಡ್ಡ ಸಂಗ್ರಾಹಕನೆನ್ನುತ್ತೇವೆ. ನಮ್ಮಲ್ಲಿ ಸ್ಟ್ಯಾಂಡ್ ಮಿಕ್ಸರ್ ಇಲ್ಲದ ಕಡೆ ಹಳೆಯ ಗ್ರೈಂಡರ್ ಒಂದು, ಹೊಸದೊಂದು ಇದ್ದರೂ ಪ್ರಯೋಗ ನಡೆಯುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದಕ್ಕೊಂದು ಮಧ್ಯಾಹ್ನವನ್ನು ಕೊಡಲು ಅಡ್ಡಿಯೇನು?

ಅಮೆರಿಕದಲ್ಲಿರುವ ಬಂಧುಗಳು ಅಲ್ಲಿನ ಹಳೆಯ ಯಂತ್ರವನ್ನು ತಂದುಕೊಟ್ಟರೆ ನೇರವಾಗಿ ನಮ್ಮ ಪ್ಲಗ್ಗಿಗೆ ಸಿಕ್ಕಿಸಬಾರದು. ಅಲ್ಲಿಯ ವಿದ್ಯುತ್ತು ೧೨೦ ವೋಲ್ಟ್, ನಮ್ಮದು ೨೩೦. ಓಮನ ನಿಯಮದ ಸ್ಥೂಲವಾದ ಲೆಕ್ಕದಲ್ಲಿಯೇ ಮೂರೂವರೆ ಪಟ್ಟಿಗೂ ಹೆಚ್ಚು ಸಾಮರ್ಥ್ಯ ಒಳನುಗ್ಗಿ ಸುರುಳಿ ಸುಟ್ಟುಹೋಗುತ್ತದೆ. ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಯಂತ್ರದ ಫಲಕದ ಅಂಕಿಗೆ ಇಮ್ಮಡಿಯದಾದರೆ ಕ್ಷೇಮ. ಅಲ್ಲಿಯ ೬೦ ಆವರ್ತಗಳಿಗೆ ಬದಲಾಗಿ ಇಲ್ಲಿ ೫೦ ಇರುವುದರಿಂದ ಯೂನಿವರ್ಸಲ್ ಮೋಟಾರಿಗೆ ತೊಂದರೆಯಿಲ್ಲ. ವಯಸ್ಸಾದ ಯಂತ್ರಗಳ ರಬ್ಬರ್ ಹೊದಿಕೆಯ ತಂತಿ ಒಣಗಿ ಪುಡಿಯಾಗುತ್ತಿರುತ್ತದೆ. ಹಲವಕ್ಕೆ ಭೂಸಂಪರ್ಕದ ಮೂರನೆಯ ಕಡ್ಡಿಯೇ ಇರುವುದಿಲ್ಲ, ಮೈಯೆಲ್ಲ ಲೋಹ. ಕಿಡಿಯನ್ನು ತಗ್ಗಿಸಲು ಒಳಗಿಟ್ಟ ಹಳೆಯ ಕಾಗದದ ಕೆಪ್ಯಾಸಿಟರು ಬಿರುಕು ಬಿಟ್ಟಿದ್ದರೆ ಹೊಗೆ ಕಾರುವುದುಂಟು. ತಿಳಿದ ವಿದ್ಯುತ್ ಕೆಲಸಗಾರನಿಂದ ತಂತಿಯನ್ನೂ ಕೆಪ್ಯಾಸಿಟರನ್ನೂ ಬದಲಾಯಿಸಿ, ಮೈಗೆ ಭೂಸಂಪರ್ಕ ಕೊಡಿಸಿದ ಮೇಲೆಯೇ ಹಿಟ್ಟನ್ನು ಹಾಕಬೇಕು.